ಓದುವ ಮೇಜಿನವರು

ಜೂನ್ 18

ಅಮ್ಮಾ,

ಫೋನಿನಲ್ಲಿ ಅಣ್ಣನಿಗೆ ಹೇಳಿದರೆ ಅವನು ನಿನ್ನ ಕಿವಿಯ ಹತ್ತಿರ ಕೂಗಿ ಹೇಳುತ್ತಾನೆ. ಕನ್ನಡಕ ಕೊಳ್ಳಲು ಅಂಗಡಿಗೆ ಬಂದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಪತ್ರ. ಹಾಸ್ಟೆಲ್ ಬಿಟ್ಟ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲಿರಬೇಕು. ಆಗೆಲ್ಲ ವಾರ್ಡನ್ ಓದಿಯೇ ಕಳಿಸುತ್ತಿದ್ದರು. ಹಾಗಾಗಿ ಪ್ರತಿ ಪತ್ರದಲ್ಲೂ ನಾನು ಚೆನ್ನಾಗಿಯೇ ಇರುತ್ತಿದ್ದೆ.

ಈಗ ಅಷ್ಟು ಚೆನ್ನಾಗಿಲ್ಲ. ಗಾಬರಿಯಾಗಬೇಡ. ಧ್ವನಿ ಹೋಗುತ್ತಿದೆ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಗಂಟಲಿನಿಂದ ಗಾಳಿ ಮಾತ್ರ ಬರುತ್ತದೆ. ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಧ್ವನಿತಂತುಗಳ ಮೇಲೆ ಗಂಟು ಬೆಳೆದಿದೆ ಎಂದರು. "ಇಪ್ಪತ್ತು ವರ್ಷ ಕೂಗಿದ್ದೀರಿ ಮೇಡಂ, ಅದಕ್ಕೂ ಸಾಕಾಗಿದೆ. ಹೀಗೇ ದಿನಕ್ಕೆ ಆರು ಪೀರಿಯಡ್ ನಿಂತು ಪಾಠ ಮಾಡಿದ್ರೆ ಮುಂದಿನ ವರ್ಷ ನೀವು ಮಾತಾಡೋದು ನಿಮಗೇ ಕೇಳಿಸಲ್ಲ" ಎಂದರು.

ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಲೈಬ್ರರಿಗೆ ಹಾಕುತ್ತಾರೆ. ಹಿಂದೆ ಒಬ್ಬ ಮೇಷ್ಟ್ರಿಗೆ ಬೆನ್ನು ನೋವು ಬಂದಾಗ ಹಾಗೇ ಮಾಡಿದ್ದರು. ಲೈಬ್ರರಿ ಕೆಟ್ಟ ಜಾಗವೇನಲ್ಲ. ಆದರೆ ನಾನು ಟೀಚರ್ ಆಗಿಯೇ ಇರಬೇಕು ಅಮ್ಮ. ಬೇರೆ ಏನೂ ನನಗೆ ಬರುವುದಿಲ್ಲ.

ರಜೆಯಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ 'ಸ್ಟೇಷನ್ ಪದ್ಧತಿ' ಎಂದು ಹೇಳಿಕೊಟ್ಟರು. ಬೆಂಚುಗಳ ಸಾಲು ತೆಗೆದು ಕೋಣೆಯಲ್ಲಿ ನಾಲ್ಕು ಕಡೆ ಮೇಜು ಹಾಕುವುದು. ಒಂದರಲ್ಲಿ ಓದು, ಇನ್ನೊಂದರಲ್ಲಿ ಪ್ರಯೋಗ, ಮೂರನೆಯದರಲ್ಲಿ ಲೆಕ್ಕ. ನಾಲ್ಕನೆಯದರಲ್ಲಿ ನಾನು. ಮಕ್ಕಳು ಗುಂಪು ಗುಂಪಾಗಿ ಮೇಜಿನಿಂದ ಮೇಜಿಗೆ ತಿರುಗುತ್ತಾರೆ. ಆರು ಮಕ್ಕಳ ಜೊತೆ ಕೂತು ಮಾತಾಡಲು ಕೂಗಬೇಕಾಗಿಲ್ಲ.

ಹೆಡ್ ಮೇಡಂ ಒಪ್ಪಿದ್ದಾರೆ, ಷರತ್ತು ಹಾಕಿ. ಒಂಬತ್ತನೇ ತರಗತಿಯ ಬಿ ವಿಭಾಗದಲ್ಲಿ ಮಾತ್ರ, ಅರ್ಧವಾರ್ಷಿಕ ಪರೀಕ್ಷೆಯವರೆಗೆ. ಅಂಕ ಇಳಿಯದಿದ್ದರೆ ಉಳಿದ ವಿಭಾಗಗಳಿಗೂ ಯೋಚಿಸೋಣ. ಇಳಿದರೆ ಬೆಂಚು ಮತ್ತೆ ಸಾಲಿಗೆ. ಸಾಲಿಗೆ ಬಂದರೆ ನಾನು ಮತ್ತೆ ಕೂಗಬೇಕು. ಕೂಗಲು ಆಗುವುದಿಲ್ಲ.

ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ಇದನ್ನು ಮಕ್ಕಳಿಗೆ ಒಳ್ಳೆಯದೆಂದು ತರುತ್ತಿದ್ದೇನೋ, ನನ್ನ ಗಂಟಲಿಗೆ ಒಳ್ಳೆಯದೆಂದು ತರುತ್ತಿದ್ದೇನೋ?

ನಿನ್ನ ಮಗಳು


ಜುಲೈ 1

ಮಗಳೇ,

ನನಗೆ ಕೇಳಿಸುವುದಿಲ್ಲ, ನಿನಗೆ ಮಾತಾಡಲು ಆಗುವುದಿಲ್ಲ. ಒಳ್ಳೆಯ ಜೋಡಿ. ನಿಮ್ಮಣ್ಣ ನಿನ್ನ ಪತ್ರ ನೋಡಿ "ಇನ್ಮೇಲೆ ಮನೆ ಶಾಂತವಾಗಿರುತ್ತೆ" ಅಂದ. ಕಿವಿಯ ಮಿಷನ್ನು ಡ್ರಾಯರಿನಲ್ಲೇ ಇದೆ. ಹಾಕಿಕೊಂಡರೆ ಬೀದಿಯೆಲ್ಲ ತಲೆಯೊಳಗೆ ಬರುತ್ತದೆ, ಬೇಕಾದ ಮಾತು ಮಾತ್ರ ಬರುವುದಿಲ್ಲ.

ಬಿಸಿನೀರು ಕುಡಿ. ಪಿಸುಗುಟ್ಟಬೇಡ, ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಶ್ರಮ. ನನ್ನ ಗಂಟಲೂ ಎರಡು ಸಲ ಹೋಗಿತ್ತು, ನೀನಾಗ ಹಾಸ್ಟೆಲಿನಲ್ಲಿದ್ದೆ.

ನೀನು ಬರೆದ ಪದ್ಧತಿ ಓದಿ ನಗು ಬಂತು. ಒಂದೇ ಕೋಣೆ, ಒಬ್ಬಳೇ ಟೀಚರ್, ನಾಲ್ಕು ತರಗತಿ. ನಾನು ಇನ್ನೇನು ಮಾಡುತ್ತಿದ್ದೆ ಅಂದುಕೊಂಡೆ? ಒಂದನೇ ತರಗತಿಯವರ ಕೈ ಹಿಡಿದು ಅಕ್ಷರ ತಿದ್ದಿಸುವಾಗ ಎರಡನೆಯವರು ಮಗ್ಗಿ, ಮೂರನೆಯವರು ಹೊರಗೆ ಅಂಗಳ ಅಳೆಯುವುದು, ನಾಲ್ಕನೆಯವರು ಕಿಟಕಿಯ ಪಕ್ಕ ತಾವೇ ಓದಿಕೊಳ್ಳುವುದು. ಮೂವತ್ತೆಂಟು ವರ್ಷ ಮಾಡಿದೆ. ಅದಕ್ಕೊಂದು ಹೆಸರಿದೆ ಎಂದು ಮೊನ್ನೆ ಗೊತ್ತಾಯಿತು.

ಮೊದಲು ಗಲಾಟೆ ಆಗುತ್ತದೆ. ಹೆದರಬೇಡ. ಯಾರು ಯಾವ ಮೇಜಿನಿಂದ ಶುರುಮಾಡಬೇಕು ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸು. ಅದನ್ನು ಬದಲಾಯಿಸಬೇಡ. ಮಕ್ಕಳಿಗೆ ತಮ್ಮ ಜಾಗ ಗೊತ್ತಿದ್ದರೆ ಅರ್ಧ ಗಲಾಟೆ ಅಲ್ಲೇ ಇಳಿಯುತ್ತದೆ. ನಾನು ಹಾಗೇ ಮಾಡುತ್ತಿದ್ದೆ.

ಧ್ವನಿಯ ವಿಷಯ ನಿಮ್ಮ ಹೆಡ್ ಮೇಡಂಗೆ ಹೇಳಿಬಿಡು. ಮುಚ್ಚಿಟ್ಟುಕೊಂಡು ಎಷ್ಟು ದಿನ?

ಅಮ್ಮ


ಜುಲೈ 28

ಅಮ್ಮಾ,

ಗಲಾಟೆ ಎಂದು ನೀನು ಒಂದೇ ಶಬ್ದದಲ್ಲಿ ಮುಗಿಸಿದೆಯಲ್ಲ!

ಮೊದಲ ದಿನ ಇಪ್ಪತ್ತನಾಲ್ಕು ಮಕ್ಕಳು ಏಕಕಾಲಕ್ಕೆ ಎದ್ದರು. ಕುರ್ಚಿ ಎಳೆಯುವ ಸದ್ದಿಗೆ ಕೆಳಗಿನ ತರಗತಿಯ ಟೀಚರ್ ಮೇಲೆ ಓಡಿ ಬಂದರು. ಪ್ರಯೋಗದ ಮೇಜಿನಲ್ಲಿ ಉಪ್ಪುನೀರಿನ ಲೋಟಕ್ಕೆ ಆಲೂಗಡ್ಡೆ ಬಿಟ್ಟು ತೇಲುತ್ತದೋ ಮುಳುಗುತ್ತದೋ ನೋಡಬೇಕಿತ್ತು; ಒಬ್ಬ ತನ್ನ ರಬ್ಬರು, ಪೆನ್ನಿನ ಕ್ಯಾಪು, ಪಕ್ಕದವನ ವಾಚು ಎಲ್ಲವನ್ನೂ ಬಿಟ್ಟು ನೋಡಿದ. ಕೇಳಿದ್ದಕ್ಕೆ, "ಬರೀ ಆಲೂಗಡ್ಡೇಲಿ ನಿಯಮ ಸಾಬೀತಾಗುತ್ತಾ ಮಿಸ್? ಬೇರೆ ಸಾಕ್ಷಿ ಬೇಡ್ವಾ?" ಎಂದ. ಅವನಿಗೆ ತರಗತಿಯಲ್ಲಿ ಲಾಯರ್ ಎಂದೇ ಹೆಸರು. ವಾಚು ಮುಳುಗಿತು.

ಆಟದ ಮೇಷ್ಟ್ರು ಬಾಗಿಲಲ್ಲಿ ನಿಂತು, "ಏನ್ ಮೇಡಂ, ನಾನು ಮೈದಾನದಲ್ಲಿ ಮಾಡಿಸೋದನ್ನ ನೀವು ಒಳಗೇ ಮಾಡಿಸಿದ್ರೆ ನನ್ನ ಕೆಲಸ ಏನು?" ಎಂದರು. ಸ್ಟಾಫ್ ರೂಮಿನಲ್ಲಿ ಈಗ ಎಲ್ಲರಿಗೂ ಇದೇ ತಮಾಷೆ. ನಾನೂ ನಗುತ್ತೇನೆ, ಸದ್ದಿಲ್ಲದೆ. ಅದು ಘನತೆ ಎಂದು ತಿಳಿದಿದ್ದಾರೆ.

ತರಬೇತಿಯಲ್ಲಿ ಹೇಳಿದ್ದು, ಪ್ರತಿದಿನ ಗುಂಪುಗಳು ಬೇರೆ ಬೇರೆ ಮೇಜಿನಿಂದ ಶುರುಮಾಡಬೇಕು ಎಂದು. ಹಾಗೆ ಮಾಡಿದರೆ "ನಾವೆಲ್ಲಿ ಮಿಸ್? ನಿನ್ನೆ ಅಲ್ಲಿದ್ವಿ ಮಿಸ್, ಇವತ್ತೆಲ್ಲಿ?" ಎನ್ನುವುದರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು. ಕೊನೆಗೆ ನಿನ್ನ ಮಾತು ಕೇಳಿದೆ. ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮಾರನೆಯ ದಿನದಿಂದ ಕೋಣೆಗೆ ಉಸಿರು ಬಂತು. ಥ್ಯಾಂಕ್ಸ್ ಅಮ್ಮ.

ಹೆಡ್ ಮೇಡಂಗೆ ಇನ್ನೂ ಹೇಳಿಲ್ಲ.

ನಿನ್ನ ಮಗಳು


ಸೆಪ್ಟೆಂಬರ್ 6

ಅಮ್ಮಾ,

ನಿನ್ನ ಕಣ್ಣಿನ ಪೊರೆ ತೆಗೆಸುವ ವಿಷಯ ಅಣ್ಣ ಹೇಳಿದ. ಡಾಕ್ಟರು ಹೇಳುವವರೆಗೂ ಓದಬೇಡ. ಇದನ್ನೂ ಆಮೇಲೆ ಓದು.

ಒಳ್ಳೆಯ ಸುದ್ದಿ ಬರೆಯಬೇಕೆನಿಸಿತು. ನನ್ನ ಮೇಜಿಗೆ ಮೊದಲು ಬರುವುದು ಕಲಿಕೆಯಲ್ಲಿ ಹಿಂದಿರುವ ಆರು ಜನ. ಅವರಲ್ಲೊಬ್ಬಳು ಎರಡು ವರ್ಷದಲ್ಲಿ ನನ್ನೆದುರು ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಬಹಳ ಹೊತ್ತು ನನ್ನನ್ನೇ ನೋಡಿ, "ಮಿಸ್, ನೀವು ಕೂತ್ಕೊಂಡ್ರೆ ಅಷ್ಟೇನೂ ಉದ್ದ ಇಲ್ಲ" ಎಂದಳು. ಆಮೇಲೆ ಸಾಂದ್ರತೆ ಎಂದರೆ ಏನೆಂದು ತನಗೆ ಶುರುವಿನಿಂದಲೂ ಅರ್ಥವಾಗಿಲ್ಲ ಎಂದಳು. ಹೆದರಿಕೆ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಆ ದಿನ ಮನೆಗೆ ನಡೆದುಕೊಂಡೇ ಬಂದೆ. ಬಸ್ಸಿನಲ್ಲಿ ಕೂರಲು ಮನಸ್ಸಾಗಲಿಲ್ಲ, ಅಷ್ಟು ಖುಷಿ.

ನಿನಗೆ ಅರ್ಥವಾಗಲೆಂದು ಕೋಣೆಯ ಚಿತ್ರ ಬರೆದಿದ್ದೇನೆ. ಬಾಗಿಲಿನಿಂದ ಬಲಕ್ಕೆ: ಓದುವ ಮೇಜು, ಪ್ರಯೋಗದ ಮೇಜು, ಲೆಕ್ಕದ ಮೇಜು, ಕೊನೆಗೆ ನನ್ನ ಮೇಜು. ಬಾಣದ ಗುರುತಿನಂತೆ ತಿರುಗುತ್ತಾರೆ. ಒಂದೊಂದರಲ್ಲಿ ಹನ್ನೊಂದು ನಿಮಿಷ, ಏಳಲು-ಕೂರಲು ಎರಡು ನಿಮಿಷ. ಪೀರಿಯಡ್ ನಲವತ್ತೈದು ನಿಮಿಷ. ಯಾರು ಎಲ್ಲಿಂದ ಶುರುಮಾಡುತ್ತಾರೆ ಎಂದು ಮೇಜಿನ ಪಕ್ಕ ಬರೆದಿದ್ದೇನೆ.

ಓದುವ ಮೇಜಿನಿಂದ ಶುರುಮಾಡುವವರು ತರಗತಿಯ ಜಾಣರು. ಅವರ ಬಗ್ಗೆ ಬರೆಯಲು ಏನೂ ಇಲ್ಲ, ಅಷ್ಟು ಒಳ್ಳೆಯವರು. ನಿಭಾಯಿಸಿಕೊಳ್ಳುತ್ತಾರೆ.

ಗಂಟಲು ಹೇಗಿದೆ ಎಂದು ಕೇಳುತ್ತೀಯ. ಬಿ ವಿಭಾಗದ ಪೀರಿಯಡ್‌ನಲ್ಲಿ ಅದಕ್ಕೆ ರಜೆ ಸಿಕ್ಕಂತೆ. ಉಳಿದ ತರಗತಿಗಳಲ್ಲಿ ಅದೇ ಕಥೆ.

ನಿನ್ನ ಮಗಳು


ಅಕ್ಟೋಬರ್ 12

ಅಮ್ಮಾ,

ಫಲಿತಾಂಶ ಬಂತು! ಎ ವಿಭಾಗದ ಸರಾಸರಿ ಐವತ್ತೊಂಬತ್ತು, ಬಿ ವಿಭಾಗದ್ದು ಅರವತ್ತೊಂದು. ಎರಡೇ ಅಂಕ, ಆದರೆ ಮೇಲಕ್ಕೆ. ಕೂತರೆ ಉದ್ದ ಇಲ್ಲ ಎಂದವಳು ಪಾಸಾಗಿದ್ದಾಳೆ. ತನ್ನ ಪೇಪರನ್ನು ನಾಲ್ಕು ಸಲ ಮಡಚಿ ಜೇಬಿಗಿಟ್ಟುಕೊಂಡಳು.

ಹೆಡ್ ಮೇಡಂ ಕರೆಸಿ, "ಪರವಾಗಿಲ್ವೇ, ನಿಮ್ಮ ಸಂತೆ ನಡೀತಿದೆ" ಎಂದರು. ನವೆಂಬರಿನಲ್ಲಿ ಒಂದು ದಿನ ಬಂದು ತರಗತಿ ನೋಡಿ, ಎಲ್ಲ ವಿಭಾಗಗಳಿಗೂ ಇದೇ ವ್ಯವಸ್ಥೆ ಮಾಡಿಕೊಡುವ ಬಗ್ಗೆ ತೀರ್ಮಾನಿಸುತ್ತಾರಂತೆ. ಹಾಗಾದರೆ ನಾನು ಉಳಿದೆ ಅಮ್ಮ.

ನಿನ್ನ ಕಣ್ಣು ಹೇಗಿದೆ? ನಿನ್ನ ಪಟ್ಟಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ನಿನ್ನ ಮಗಳು


ಅಕ್ಟೋಬರ್ 20

ಮಗಳೇ,

ಕಣ್ಣು ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಎಂದರೆ ನಿಮ್ಮಣ್ಣನ ಅಂಗಡಿಯ ಗಾಜಿನ ಮೇಲೆ ಎಷ್ಟು ಧೂಳಿದೆ ಎಂದು ಈಗ ಕಾಣುತ್ತಿದೆ. ಅವನಿಗೆ ನನ್ನ ಕಣ್ಣು ಹಳೆಯದೇ ವಾಸಿಯಿತ್ತು ಅನ್ನಿಸಿರಬೇಕು.

ಮೂರೂ ಪತ್ರಗಳನ್ನು ಒಟ್ಟಿಗೆ ಓದಿದೆ. ಸಂತೋಷವಾಯಿತು. ಕೋಣೆಯ ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ನಾಲ್ಕು ಕಡಲೆಕಾಳು ತೆಗೆದುಕೊಂಡು ಬಾಣದ ಗುರುತಿನಂತೆ ತಿರುಗಿಸಿದೆ. ನಲವತ್ತೈದು ನಿಮಿಷಕ್ಕೆ ನಿನ್ನಲ್ಲಿ ಮೂರೇ ಸುತ್ತು ಆಗುತ್ತದೆ. ಮೇಜು ನಾಲ್ಕು.

ಓದುವ ಮೇಜಿನಿಂದ ಶುರುಮಾಡುವವರು ನಿನ್ನ ಹತ್ತಿರ ಯಾವಾಗ ಬರುತ್ತಾರೆ?

ಅಮ್ಮ


ನವೆಂಬರ್ 2

ಅಮ್ಮಾ,

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಮೊದಲ ದಿನ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ನಾನು ಗೆದ್ದೆ ಎಂದು ಬರೆದಿದ್ದೆ, ನೀನು ಕಡಲೆಕಾಳು ಎಣಿಸಿದ್ದೆ.

ಎರಡನೆಯ ದಿನ ನಾನೂ ಎಣಿಸಿದೆ.

ಓದು, ಪ್ರಯೋಗ, ಲೆಕ್ಕ. ಅಷ್ಟರಲ್ಲಿ ಗಂಟೆ. ಮಾರನೆಯ ದಿನ ಮತ್ತೆ ಓದು, ಪ್ರಯೋಗ, ಲೆಕ್ಕ. ಪ್ರತಿ ಗುಂಪಿಗೂ ದಿನಕ್ಕೊಂದು ಮೇಜು ತಪ್ಪುತ್ತದೆ ಎಂದು ನನಗೆ ಗೊತ್ತಿತ್ತು. ಶುರುಮಾಡುವ ಜಾಗ ಬದಲಾಗುತ್ತಿದ್ದರೆ ಅದು ಒಂದೊಂದು ದಿನ ಒಂದೊಂದು ಮೇಜಾಗುತ್ತಿತ್ತು. ಪಟ್ಟಿ ಅಂಟಿಸಿದ ದಿನದಿಂದ ಒಂದೇ ಮೇಜಾಯಿತು. ಆ ಆರು ಜನಕ್ಕೆ ತಪ್ಪಿದ್ದು ನನ್ನದು. ಜುಲೈ ಕೊನೆಯಿಂದ ಪರೀಕ್ಷೆಯವರೆಗೆ, ಪರೀಕ್ಷೆ ಮುಗಿದ ಮೇಲೂ, ಒಂದು ದಿನವೂ ಅವರು ನನ್ನೆದುರು ಕೂತಿಲ್ಲ. ನನಗೆ ಗೊತ್ತಾಗಲಿಲ್ಲ, ಏಕೆಂದರೆ ಅವರು ಇರುವ ಕಡೆ ಸದ್ದೇ ಇರಲಿಲ್ಲ. ಸದ್ದಿರುವ ಕಡೆ ತಿರುಗುವುದನ್ನು ನನ್ನ ಕತ್ತು ಇಪ್ಪತ್ತು ವರ್ಷದಲ್ಲಿ ಕಲಿತುಬಿಟ್ಟಿದೆ.

ಆಮೇಲೆ ಸರಾಸರಿಯನ್ನು ಒಡೆದು ನೋಡಿದೆ. ಹಿಂದಿದ್ದ ಆರು ಜನ ಹನ್ನೊಂದು ಅಂಕ ಮೇಲೆ ಬಂದಿದ್ದಾರೆ. ಓದುವ ಮೇಜಿನವರು ಹೋದ ವರ್ಷಕ್ಕಿಂತ ಏಳು ಅಂಕ ಕೆಳಗಿಳಿದಿದ್ದಾರೆ. ಎರಡೂ ಸೇರಿ ಅರವತ್ತೊಂದು.

ಓದುವ ಮೇಜಿನವರಲ್ಲಿ ಒಬ್ಬಳನ್ನು ಎಲ್ಲರೂ ಸರಿ-ಮಿಸ್ ಎಂದು ಕರೆಯುತ್ತಾರೆ. ಏನು ಹೇಳಿದರೂ "ಸರಿ ಮಿಸ್" ಎನ್ನುವುದು ಅವಳ ರೂಢಿ. ಅವಳ ನೋಟ್‌ಬುಕ್ ತರಿಸಿ ನೋಡಿದೆ. ಹಿಂದಿನ ಪುಟದಲ್ಲಿ, 'ಮಿಸ್ ಮೇಜಿಗೆ ಹೋದಾಗ ಕೇಳುವುದು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಹತ್ತೊಂಬತ್ತು ಪ್ರಶ್ನೆಗಳಿವೆ. ಹನ್ನೊಂದನೆಯದು ಇದು: "ಕಬ್ಬಿಣದ ಹಡಗು ಒಳಗೆ ಟೊಳ್ಳು, ಅದಕ್ಕೇ ತೇಲುತ್ತದೆ. ಆದರೆ ನೀರು ಇರುವುದು ಹೊರಗೆ. ಒಳಗೆ ಟೊಳ್ಳು ಎಂದು ನೀರಿಗೆ ಹೇಗೆ ಗೊತ್ತು?" ಹದಿನಾಲ್ಕರ ನಂತರ ಅಕ್ಷರ ಸಣ್ಣದಾಗುತ್ತಾ ಹೋಗಿದೆ.

"ಯಾಕಮ್ಮಾ ನನಗೆ ಒಂದು ಮಾತು ಹೇಳಲಿಲ್ಲ?" ಎಂದು ಕೇಳಿದೆ.

"ನೀವು ನಮ್ಮನ್ನ ಬೇಕೂಂತಲೇ ಅಲ್ಲಿ ಕೂರಿಸಿದ್ದೀರಿ ಅಂದ್ಕೊಂಡ್ವಿ ಮಿಸ್. ನಮಗೆ ನೀವು ಬೇಕಾಗಿಲ್ಲ ಅಂತ."

"ಹಾಗಲ್ಲ. ನಾನು ಲೆಕ್ಕ ತಪ್ಪಿದೆ."

"ಸರಿ ಮಿಸ್" ಎಂದಳು. ಲಾಯರ್ ಪಕ್ಕದಲ್ಲೇ ನಿಂತಿದ್ದ. "ಮಿಸ್, ನನಗೆ ಆಗಸ್ಟಲ್ಲೇ ಗೊತ್ತಾಗಿತ್ತು. ನಾನು ವಾದ ಮಾಡ್ತೀನಿ ಅಂತ ಬೈತೀರಲ್ಲ, ಅದಕ್ಕೆ ಸುಮ್ಮನಿದ್ದೆ" ಎಂದ.

ಮಾರನೆಯ ದಿನ ಆ ಆರೂ ಜನರ ಮುಂದೆ ನಿಂತು ತಪ್ಪು ನನ್ನದು ಎಂದೆ. ಪಟ್ಟಿ ಕಿತ್ತು ಹಾಕಿದ್ದೇನೆ. ಈಗ ದಿನಾ ಸುತ್ತು ಬದಲಾಗುತ್ತದೆ. ಮತ್ತೆ ಗಲಾಟೆ ಶುರುವಾಗಿದೆ, ಆಗಲಿ.

ಆದರೆ ಹೆಡ್ ಮೇಡಂ ನೋಡಿರುವುದು ಸರಾಸರಿಯನ್ನು ಮಾತ್ರ. ಅದನ್ನು ಒಡೆದು ನೋಡುವವರು ಯಾರೂ ಇಲ್ಲ. ನಾನು ಸುಮ್ಮನಿದ್ದರೆ ಈ ತಿಂಗಳ ಕೊನೆಗೆ ಎಲ್ಲ ವಿಭಾಗಗಳೂ ನನ್ನ ರೀತಿಗೆ ಬರುತ್ತವೆ, ಗಂಟಲು ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಹೇಳಿದರೆ ಬೆಂಚು ಸಾಲಿಗೆ, ನಾನು ಲೈಬ್ರರಿಗೆ. ತಪ್ಪನ್ನು ಸರಿ ಮಾಡಿಯಾಗಿದೆಯಲ್ಲ, ಇನ್ನು ಹೇಳುವುದೇಕೆ ಎಂದು ಒಂದು ಮನಸ್ಸು. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ನಿನ್ನ ಮಗಳು


ನವೆಂಬರ್ 10

ಮಗಳೇ,

ಪಟ್ಟಿ ಬದಲಾಯಿಸಬೇಡ ಎಂದವಳು ನಾನು. ಅದನ್ನು ನೀನು ಬರೆಯಲಿಲ್ಲ. ನಾನೇ ಬರೆಯುತ್ತಿದ್ದೇನೆ.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಏನು ಮಾಡಿದೆ ಎಂದೇ ಹೇಳುತ್ತೇನೆ. ನನ್ನ ಶಾಲೆಯಲ್ಲಿ ಕಿಟಕಿಯ ಪಕ್ಕ ಕೂತು ಓದಿಕೊಳ್ಳುತ್ತಿದ್ದ ನಾಲ್ಕನೆಯವರ ಹತ್ತಿರ ಹೋಗುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಚಿಕ್ಕವರು ಅಳುತ್ತಾರೆ, ಮೂಗು ಸುರಿಸುತ್ತಾರೆ, ಬೀಳುತ್ತಾರೆ. ದೊಡ್ಡವರು ಸುಮ್ಮನೆ ಓದುತ್ತಾರೆ. ಹಾಗಾಗಿ ನಾಳೆ, ನಾಳೆ ಎನ್ನುತ್ತಿದ್ದೆ. ಮಾರ್ಚ್ ಬರುತ್ತಿತ್ತು, ಅವರು ಮುಂದಿನ ಶಾಲೆಗೆ ಹೋಗುತ್ತಿದ್ದರು. ಮೂವತ್ತೆಂಟು ಮಾರ್ಚ್. ಒಂದು ಸಲವೂ ಯಾರಿಗೂ ಹೇಳಲಿಲ್ಲ, ಬಂದ ಅಧಿಕಾರಿಗಳು ಕೇಳಲೂ ಇಲ್ಲ. ಅವರೆಲ್ಲ ಪಾಸಾಗುತ್ತಿದ್ದರಲ್ಲ. ನಿನ್ನ ಚಿತ್ರ ನೋಡಿದ ಕೂಡಲೇ ಗೊತ್ತಾದದ್ದು ನನ್ನ ಕಣ್ಣು ಚುರುಕೆಂದು ಅಲ್ಲ.

ನಿನ್ನನ್ನು ಒಂಬತ್ತು ವರ್ಷಕ್ಕೆ ಹಾಸ್ಟೆಲಿಗೆ ಕಳಿಸಿದಾಗ ನಿಮ್ಮಪ್ಪ ಕೇಳಿದರು, "ಅಷ್ಟು ಚಿಕ್ಕವಳು, ಇರ್ತಾಳಾ?" ಎಂದು. ಆ ಶಾಲೆ ದೊಡ್ಡದು, ಇಂಗ್ಲಿಷ್ ಕಲಿಸುತ್ತಾರೆ, ನನ್ನ ಒಂದು ಕೋಣೆಯಲ್ಲಿ ನಿನಗೆ ಏನಿದೆ ಎಂದು ನಾನು ಯೋಚಿಸಿದೆ. ನಿಮ್ಮಣ್ಣ ಕಾಯಿಲೆಯವನು, ಅವನು ಮನೆಯಲ್ಲೇ ಇರಲಿ ಎಂದೆ. ನಿನ್ನ ಬಗ್ಗೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಅವಳು ನಿಭಾಯಿಸಿಕೊಳ್ತಾಳೆ" ಎಂದೆ.

ಹೆಡ್ ಮೇಡಂಗೆ ಹೇಳು, ಬಿಡು ಎನ್ನುವ ಯೋಗ್ಯತೆ ನನಗಿಲ್ಲ. ನಿನಗೇ ತೋಚುತ್ತದೆ.

ಕಣ್ಣಿನಲ್ಲಿ ನೀರು ಬರುತ್ತಿದೆ. ಆಪರೇಷನ್ ಆದ ಕಣ್ಣು, ಬಹಳ ಹೊತ್ತು ಬರೆಯಬಾರದಂತೆ.

ಅಮ್ಮ


ಡಿಸೆಂಬರ್ 5

ಅಮ್ಮಾ,

ಹೇಳಿದೆ.

ಹೆಡ್ ಮೇಡಂ ಕೋಣೆಗೆ ಎರಡು ಹಾಳೆ ಹಿಡಿದು ಹೋದೆ. ಒಂದರಲ್ಲಿ ಒಡೆದ ಸರಾಸರಿ, ಇನ್ನೊಂದರಲ್ಲಿ ಡಾಕ್ಟರ ಚೀಟಿ. ಅವರು ಮೊದಲನೆಯದನ್ನು ನೋಡಿ, "ಸರಾಸರಿ ಚೆನ್ನಾಗಿದೆಯಲ್ಲ, ಇನ್ನೇನು?" ಎಂದರು.

"ಅದರೊಳಗೆ ಆರು ಮಕ್ಕಳು ಕಾಣಿಸ್ತಿಲ್ಲ ಮೇಡಂ."

ಎಲ್ಲ ಹೇಳಿದೆ. ನಾಲ್ಕು ಮೇಜು, ಮೂರು ಸುತ್ತು, ಗೋಡೆಯ ಪಟ್ಟಿ. ಪ್ರಶ್ನೆಗಳ ಪುಟವನ್ನೂ ತೋರಿಸಿದೆ. ಮಧ್ಯದಲ್ಲಿ ಗಂಟಲು ಕಟ್ಟಿತು, ಉಳಿದದ್ದನ್ನು ಹಾಳೆಯ ಹಿಂದೆ ಬರೆದು ತಳ್ಳಿದೆ. ಅವರು ಓದಿ ಕನ್ನಡಕ ತೆಗೆದರು.

"ಇದನ್ನ ನೀವು ಹೇಳದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

ಹೌದೆಂದು ತಲೆಯಾಡಿಸಿದೆ.

"ಇನ್ನೊಂದು ಮಾತ್ರ ನನಗೆ ಮೊದಲೇ ಗೊತ್ತು" ಎಂದು ಡಾಕ್ಟರ ಚೀಟಿಯನ್ನು ನನ್ನ ಕಡೆಗೇ ಸರಿಸಿದರು. "ಬೆಳಗ್ಗೆ ಅಸೆಂಬ್ಲಿಯಲ್ಲಿ ಎಲ್ಲರೂ ಹಾಡ್ತಾರೆ, ನೀವು ಬರೀ ತುಟಿ ಆಡಿಸ್ತೀರಿ. ಎದುರಿಗೇ ನಿಂತಿರ್ತೀನಿ. ನನಗೆ ಕಣ್ಣಿಲ್ವಾ? ನೀವಾಗೇ ಬಂದು ಹೇಳ್ತೀರೇನೋ ಅಂತ ಕಾಯ್ತಿದ್ದೆ. ಈಗ ನಿಜ ಹೇಳಿ. ಈ ಮೇಜು ಎಲ್ಲ ತಂದಿದ್ದು ಮಕ್ಕಳಿಗೋ, ನಿಮ್ಮ ಗಂಟಲಿಗೋ?"

ಜೂನಿನಲ್ಲಿ ನಿನಗೆ ಬರೆದ ಪ್ರಶ್ನೆಯೇ ಎದುರಿಗೆ ಬಂತು. "ಶುರುಮಾಡಿದ್ದು ಗಂಟಲಿಗೆ" ಎಂದು ಬರೆದೆ. "ಈಗ ಗಂಟಲು ವಾಸಿಯಾದರೂ ಸಾಲಿಗೆ ಹೋಗಲು ಇಷ್ಟವಿಲ್ಲ" ಎಂದು ಸೇರಿಸಿದೆ. ಬರೆದ ಮೇಲೆ ಅದು ನಿಜವೆಂದು ನನಗೂ ಗೊತ್ತಾಯಿತು.

ಅವರು ಆ ಹಾಳೆ ಇಟ್ಟುಕೊಂಡು ನನ್ನನ್ನು ಕಳಿಸಿದರು. ಹತ್ತು ದಿನ ಸುದ್ದಿಯಿಲ್ಲ. ನಾನು ಸ್ಟಾಫ್ ರೂಮಿನ ಕಪಾಟು ಖಾಲಿ ಮಾಡಲು ಶುರುಮಾಡಿದ್ದೆ. ಆಟದ ಮೇಷ್ಟ್ರು ನೋಡಿ, "ಮೇಡಂ, ಲೈಬ್ರರೀಲಿ ಮಾತಾಡಬಾರದು ಅಂತ ಬೋರ್ಡ್ ಇದೆ, ನಿಮಗೆ ಒಳ್ಳೇ ಜಾಗ" ಎಂದರು. ಆಮೇಲೆ ಮುಖ ನೋಡಿ, ತಾವೇ ಪುಸ್ತಕಗಳನ್ನೆಲ್ಲ ವಾಪಸ್ ಜೋಡಿಸಿದರು.

ಹನ್ನೊಂದನೆಯ ದಿನ ಹೆಡ್ ಮೇಡಂ ತರಗತಿಗೆ ಬಂದರು. ನನ್ನ ಮೇಜಿನ ಕಡೆ ನೋಡಲೂ ಇಲ್ಲ, ನೇರವಾಗಿ ಓದುವ ಮೇಜಿಗೆ ಹೋಗಿ ಪೀರಿಯಡ್ ಪೂರ್ತಿ ಅಲ್ಲೇ ಕೂತರು. ಪ್ರತಿ ಗುಂಪು ಬಂದಾಗಲೂ ಕೇಳಿದ್ದು ಒಂದೇ: "ನಿಮ್ಮ ಮಿಸ್ ಜೊತೆ ಕೊನೇ ಸಲ ಕೂತಿದ್ದು ಯಾವತ್ತು?" ಸರಿ-ಮಿಸ್ ಹೇಳಿದ್ದು ನನಗೆ ಕೇಳಿಸಿತು. "ನಿನ್ನೆ ಮೇಡಂ. ಹನ್ನೊಂದನೇ ಪ್ರಶ್ನೆ ಕೇಳಿದೆ. ಮಿಸ್‌ಗೂ ತಕ್ಷಣ ಹೇಳೋಕೆ ಆಗ್ಲಿಲ್ಲ. ಇಬ್ಬರೂ ಸೇರಿ ಪಾತ್ರೆ ತಂದು ನೀರಲ್ಲಿ ಒತ್ತಿ ನೋಡಿದ್ವಿ. ಎಷ್ಟು ನೀರು ಪಕ್ಕಕ್ಕೆ ಹೋಗ್ಬೇಕು ಅನ್ನೋದಷ್ಟೇ ನೀರಿಗೆ ಗೊತ್ತಾಗೋದು. ಒಳಗೇನಿದೆ ಅಂತ ಅದಕ್ಕೆ ಗೊತ್ತಾಗೋದೇ ಬೇಡ."

ನಿನ್ನೆ ಆದೇಶ ಬಂತು. ನನ್ನ ಎಲ್ಲ ವಿಭಾಗಗಳಿಗೂ ಮೇಜುಗಳು. ಆರು ಪೀರಿಯಡ್ ಬದಲು ನಾಲ್ಕು. ಉಳಿದ ಎರಡು ಪೀರಿಯಡ್ ಹೊತ್ತಿನಲ್ಲಿ ವಿಜ್ಞಾನದ ಇನ್ನಿಬ್ಬರು ಟೀಚರ್‌ಗಳಿಗೆ ಈ ಪದ್ಧತಿ ಹೇಳಿಕೊಡಬೇಕು. ಲೈಬ್ರರಿಯ ಮಾತೇ ಇಲ್ಲ. "ಅವರಿಗೆ ಹೇಳಿಕೊಡುವಾಗ ನಿಮ್ಮ ತಪ್ಪಿಂದ ಶುರುಮಾಡಿ" ಎಂದರು ಹೆಡ್ ಮೇಡಂ. "ಸರಿ ಮಾಡಿದ್ದು ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ. ತಪ್ಪು ಅಂದ್ರೆ ಎಲ್ಲರೂ ಕುರ್ಚಿ ಮುಂದಕ್ಕೆ ಎಳ್ಕೋತಾರೆ."

ಅವರಿಗೆ ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ, ಧ್ವನಿ ಬರಲಿಲ್ಲ. "ಸಾಕು, ತುಟಿ ಆಡಿಸಿದ್ದು ಕಾಣಿಸ್ತು" ಎಂದರು.

ನಿನ್ನ ಕೊನೆಯ ಪತ್ರಕ್ಕೆ ಏನು ಬರೆಯಬೇಕೆಂದು ಇನ್ನೂ ಗೊತ್ತಾಗಿಲ್ಲ. ಬರೆಯುತ್ತೇನೆ.

ನಿನ್ನ ಮಗಳು


ಡಿಸೆಂಬರ್ 16

ಮಗಳೇ,

ನಿನ್ನ ಪತ್ರವನ್ನು ನಿಮ್ಮಣ್ಣನಿಂದ ಗಟ್ಟಿಯಾಗಿ ಓದಿಸಿದೆ, ಕಿವಿಯ ಮಿಷನ್ನು ಹಾಕಿಕೊಂಡು. ನಾನೇ ಓದಿಯಾಗಿತ್ತು, ಆದರೂ ಕೇಳಬೇಕೆನಿಸಿತು. ಅಂಗಡಿಯಲ್ಲಿದ್ದ ಗಿರಾಕಿಯೊಬ್ಬರು "ಆಮೇಲೇನಾಯ್ತು, ಹೆಡ್ ಮೇಡಂ ಏನಂದ್ರು?" ಎಂದು ಕೇಳಿ ಕೂತರು. ಕನ್ನಡಕ ಕೊಳ್ಳದೆ ಹೋದರು.

ನೀನು ಟೀಚರ್ ಆಗಿಯೇ ಉಳಿದೆ. ನನಗೆ ಅಷ್ಟು ಸಾಕು.

ಒಂದು ವಿಷಯ ಕೇಳಬೇಕು. ನಾನು ಮೂವತ್ತೆಂಟು ವರ್ಷದಲ್ಲಿ ಮಾಡದ್ದನ್ನು ನೀನು ಮಾಡಿದೆ. ಮೇಲಿನವರೆದುರು, ಮಕ್ಕಳೆದುರು, ತಪ್ಪು ನನ್ನದು ಎಂದು ನೇರವಾಗಿ ಹೇಳಿದೆ, ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಹೇಳಿದೆ. ಇದನ್ನು ನಾನು ನಿನಗೆ ಕಲಿಸಿಲ್ಲ. ಕಲಿಸಲು ನಾನು ನಿನ್ನ ಹತ್ತಿರ ಇರಲೇ ಇಲ್ಲ. ಆ ದೊಡ್ಡ ಶಾಲೆಯಲ್ಲಿ ಯಾರೋ ಕಲಿಸಿರಬೇಕು. ಯಾರು? ಇದ್ದರೆ ಅವರ ವಿಳಾಸ ಕಳಿಸು. ಎರಡು ಸಾಲು ಬರೆದು ಕೃತಜ್ಞತೆ ಹೇಳಬೇಕು.

ಅಮ್ಮ


ಡಿಸೆಂಬರ್ 27

ಅಮ್ಮಾ,

ನೀನು ಕೇಳಿದ ವಿಳಾಸಕ್ಕಾಗಿ ನಾನೂ ಹುಡುಕಿದೆ. ಆ ಶಾಲೆಯ ಟೀಚರ್‌ಗಳನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡೆ. ಒಳ್ಳೆಯವರಿದ್ದರು. ಚೆನ್ನಾಗಿ ಇಂಗ್ಲಿಷ್ ಕಲಿಸಿದರು, ಬೆನ್ನು ನೆಟ್ಟಗೆ ಕೂರುವುದನ್ನು ಕಲಿಸಿದರು. ಇದನ್ನು ಕಲಿಸಿದವರು ಅವರಲ್ಲಿ ಯಾರೂ ಇಲ್ಲ.

ಆದರೆ ಹುಡುಕುತ್ತಾ ಒಂದು ಭಾನುವಾರ ಸಿಕ್ಕಿತು. ನಿನಗೆ ನೆನಪಿದೆಯೋ ಇಲ್ಲವೋ. ಮೊದಲ ವರ್ಷ, ತಿಂಗಳಿಗೊಮ್ಮೆ ಮನೆಯವರು ಬಂದು ನೋಡುವ ದಿನ. ನಾನು ಬೆಳಗ್ಗೆಯಿಂದ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತಿದ್ದೆ. ಎಲ್ಲರ ಮನೆಯವರೂ ಬಂದರು, ಹೋದರು. ನೀನು ಬರಲಿಲ್ಲ. ನೀನು ಬಂದದ್ದು ಮುಂದಿನ ಭಾನುವಾರ. ಆ ದಿನ ಯಾರನ್ನೂ ಬಿಡುವುದಿಲ್ಲ. ವಾರ್ಡನ್ ನಿನ್ನನ್ನು ಗೇಟಿನಲ್ಲೇ ನಿಲ್ಲಿಸಿ, ಎಲ್ಲ ಹುಡುಗಿಯರ ಎದುರಿಗೆ ಇಂಗ್ಲಿಷಿನಲ್ಲಿ ಏನೇನೋ ಅಂದರು. ನೀನು ಬಸ್ಸು ಕೆಟ್ಟಿತ್ತು ಅನ್ನಬಹುದಿತ್ತು. ಹುಷಾರಿರಲಿಲ್ಲ ಅನ್ನಬಹುದಿತ್ತು. ಅವರು ನಂಬುತ್ತಿದ್ದರು.

ನೀನು ಚೀಲವನ್ನು ನೆಲಕ್ಕಿಟ್ಟು, ಅವರಿಗಲ್ಲ, ನನ್ನೆದುರು ಬಂದು ಕುಕ್ಕರುಗಾಲಲ್ಲಿ ಕೂತೆ. ನನ್ನಷ್ಟೇ ಎತ್ತರಕ್ಕೆ. "ತಾರೀಖು ನೋಡೋದ್ರಲ್ಲಿ ತಪ್ಪು ಮಾಡಿಬಿಟ್ಟೆ ಕಣೇ. ನೀನು ಕಾದಿದ್ದೆ ಅಲ್ವಾ? ತಪ್ಪು ನನ್ನದು" ಎಂದೆ. ಎಲ್ಲರ ಎದುರಿಗೆ. ದೊಡ್ಡವರು ಚಿಕ್ಕವರಿಗೆ ಹಾಗೆ ಹೇಳುವುದನ್ನು ನಾನು ನೋಡಿದ್ದು ಅದೇ ಮೊದಲು. ಓದುವ ಮೇಜಿನ ಆರು ಜನರ ಮುಂದೆ ನಿಂತಾಗ ನನಗೆ ಮಾತು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು.

ಹಾಗಾಗಿ ಕೃತಜ್ಞತೆ ಬರೆಯಬೇಕಾದವಳು ನಾನು, ವಿಳಾಸ ಈ ಲಕೋಟೆಯ ಮೇಲೇ ಇದೆ.

ಅವತ್ತು ನಾನು ನಿನಗೆ ಉತ್ತರ ಕೊಡಲಿಲ್ಲ. ಮುಖ ತಿರುಗಿಸಿಕೊಂಡು ಒಳಗೆ ಹೋದೆ. ನೀನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ, ಕಿಟಕಿಯಿಂದ ನೋಡಿದೆ. ಈಗ ಕೊಡುತ್ತಿದ್ದೇನೆ, ಮೂವತ್ತೈದು ವರ್ಷ ತಡವಾಗಿ.

ಪರವಾಗಿಲ್ಲ ಅಮ್ಮ.

ನಿನ್ನ ಮಗಳು